ಎನ್‌ಕ್ಲೆಕ್ಸ್ ತಯಾರಿ: ಡ್ಯೂಟಿ ಮಾಡ್ಕೊಂಡೇ ಓದಿದೋರು ಸ್ವಲ್ಪ ದಾರಿ ಹೇಳಿ

ರಾತ್ರಿಪಾಳಿ_ಗಂಗಾ
ನಮಸ್ಕಾರ ಎಲ್ರಿಗೂ. ನಾನು ಬೆಂಗಳೂರಲ್ಲಿ ಐಸಿಯು ಸ್ಟಾಫ್ ನರ್ಸ್, ಊರು ಹಾವೇರಿ ಕಡೆ. ಜಿಎನ್‌ಎಂ ಆದ್ಮೇಲೆ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡ್ಕೊಂಡೆ, ಎಸ್‌ಎಸ್‌ಎಲ್‌ಸಿ ತನಕ ಕನ್ನಡ ಮೀಡಿಯಂ. ಈಗ ಅಮೆರಿಕದ ರಿಜಿಸ್ಟರ್ಡ್ ನರ್ಸ್ (ಆರ್‌ಎನ್) ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಆರ್‌ಎನ್ ಬರೀಬೇಕು ಅಂತ ಇದೀನಿ. ಕ್ವೆಶ್ಚನ್ ಬ್ಯಾಂಕ್ ತಗೊಂಡು ದಿನಾ ಮಾಡ್ತಿದೀನಿ ಆದ್ರೆ ಅರ್ಧಕ್ಕಿಂತ ಮೇಲೆ ಸ್ಕೋರ್ ಹೋಗ್ತಾನೇ ಇಲ್ಲ, ಓದಿರೋ ವಿಷಯಾನೇ ಬಂದ್ರೂ ತಪ್ಪಾಗತ್ತೆ, ಎರಡು ಆಪ್ಷನ್ ಉಳ್ಕೊಳತ್ತೆ ಅದ್ರಲ್ಲಿ ಯಾವಾಗ್ಲೂ ಇನ್ನೊಂದೇ ಸರಿ ಆಗಿರತ್ತೆ. ಕೋಚಿಂಗ್ ಸೇರ್ಬೇಕಾ? ಇಂಗ್ಲಿಷ್ ಸಾಲದಾ? ಪಾಸ್ ಆದೋರು ಯಾರಾದ್ರೂ ಇದ್ರೆ ಹೇಳಿ ಪ್ಲೀಸ್. ವಾರಕ್ಕೆ ನೈಟ್ ಡ್ಯೂಟಿ ಬೇರೆ ಬೀಳತ್ತೆ.

ಕುಡ್ಲ_ನರ್ಸ್
ನಾನು ಕುವೈತ್‌ನಲ್ಲಿ ಇರುವುದು, ಮಂಗಳೂರಿನಲ್ಲಿ ಬಿಎಸ್ಸಿ ಮಾಡಿದ್ದು. ಒಂದು ವಿಷಯ ಮೊದಲೇ ಹೇಳ್ತೇನೆ ಆಯ್ತಾ, ಗಲ್ಫಿನ ಪ್ರೊಮೆಟ್ರಿಕ್ ಲೈಸೆನ್ಸ್ ಪರೀಕ್ಷೆ ಬರೆದ ಅಭ್ಯಾಸದಲ್ಲಿ ಇದಕ್ಕೆ ಹೋಗ್ಬೇಡಿ. ಅಲ್ಲಿ ಟೆಲಿಗ್ರಾಂ ಗ್ರೂಪಲ್ಲಿ ಹಳೆ ಪ್ರಶ್ನೆ ಓಡಾಡ್ತದೆ, ಅದನ್ನು ಬಾಯಿಪಾಠ ಮಾಡಿ ಹೋದವರೂ ಉಂಟು. ಇಲ್ಲಿ ಅದು ನಡೆಯುವುದಿಲ್ಲ ಮಾರಾಯ್ರೆ. ಕಂಪ್ಯೂಟರ್ ನಿಮ್ಮ ಉತ್ತರ ನೋಡಿ ಮುಂದಿನ ಪ್ರಶ್ನೆ ಆರಿಸ್ತದೆ, ಸರಿ ಮಾಡಿದ್ರೆ ಕಷ್ಟದ್ದು, ತಪ್ಪಾದ್ರೆ ಸ್ವಲ್ಪ ಸುಲಭದ್ದು, ಹಾಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಪೇಪರ್. ಹಿಂದಿನ ಪ್ರಶ್ನೆಗೆ ವಾಪಸ್ ಹೋಗ್ಲಿಕ್ಕೂ ಬಿಡುವುದಿಲ್ಲ. ಮತ್ತೆ ಪರೀಕ್ಷೆಯಲ್ಲಿ ಬಂದದ್ದನ್ನು ಹೊರಗೆ ಹೇಳುವುದು ನಿಯಮಕ್ಕೆ ವಿರುದ್ಧ, ರಿಸಲ್ಟೇ ಕ್ಯಾನ್ಸಲ್ ಆಗಬಹುದು. ಯಾರಾದ್ರೂ ಎನ್‌ಕ್ಲೆಕ್ಸ್ ರೀಕಾಲ್, ಅಂದ್ರೆ ಪರೀಕ್ಷೆಯಲ್ಲಿ ಬಂದ ಪ್ರಶ್ನೆ ಕೊಡ್ತೇವೆ ಅಂತ ದುಡ್ಡು ಕೇಳಿದ್ರೆ ಬ್ಲಾಕ್ ಮಾಡಿ.

ಮೈಸೂರು_ಅನು
ಗಂಗಾ, ನಾನು ಪಾಸ್ ಆಗಿ ಈಗ ಮೆಲ್ಬರ್ನ್‌ನಲ್ಲಿದೀನಿ, ಮೈಸೂರಲ್ಲಿ ಮೆಡಿಕಲ್ ವಾರ್ಡಲ್ಲಿ ಕೆಲ್ಸ ಮಾಡ್ತಾನೇ ಓದಿದ್ದು. ನಿಂಗೆ ಸಬ್ಜೆಕ್ಟ್ ಬರಲ್ಲ ಅಂತ ನಂಗನ್ಸಲ್ಲ. ಐಸಿಯು ಸಿಸ್ಟರ್‌ಗೆ ಬರ್ದೇ ಇರೋದು ಏನಿದೆ ಹೇಳು. ನೀನು ನಮ್ಮ ವಾರ್ಡಲ್ಲಿ ನಿಂತ್ಕೊಂಡು ಉತ್ತರ ಕೊಡ್ತಿದೀಯ, ಪ್ರಶ್ನೆ ಕೇಳ್ತಿರೋದು ಅಮೆರಿಕದ ವಾರ್ಡಿಂದ. ಅಷ್ಟೇ ವಿಷಯ.

ಒಂದು ಪ್ರಶ್ನೆ ಕೊಡ್ತೀನಿ, ನಾನೇ ಮಾಡಿದ್ದು, ಯಾವ ಬ್ಯಾಂಕಿಂದೂ ಅಲ್ಲ. ಬೆಳಗ್ಗೆ ಹ್ಯಾಂಡೋವರ್ ಆಯ್ತು, ನಾಲ್ಕು ಪೇಷಂಟ್. ಒಂದು, ಸಿಒಪಿಡಿ (ಹಳೇ ಶ್ವಾಸಕೋಶದ ಕಾಯಿಲೆ) ಅಜ್ಜ, ಆಕ್ಸಿಜನ್ ಸ್ಯಾಚುರೇಶನ್ 89. ಎರಡು, ನ್ಯುಮೋನಿಯಾ, ಟೆಂಪರೇಚರ್ 101.4 ಫ್ಯಾರನ್‌ಹೀಟ್. ಮೂರು, ಡಯಾಬಿಟಿಸ್, ತಿಂಡಿಗೆ ಮುಂಚೆ ಶುಗರ್ 210, ಇನ್ಸುಲಿನ್ ಕೊಡ್ಬೇಕು. ನಾಲ್ಕು, ನಿನ್ನೆ ಥೈರಾಯ್ಡ್ ಆಪರೇಷನ್ ಆಗಿದೆ, ತುಟಿ ಹತ್ರ ಜುಮ್ ಅಂತಿದೆ ಅಂತಾರೆ. ಮೊದ್ಲು ಯಾರ ಹತ್ರ ಹೋಗ್ತೀಯ?

ರಾತ್ರಿಪಾಳಿ_ಗಂಗಾ
ಸ್ಯಾಚುರೇಶನ್ 89 ಇರೋರ ಹತ್ರ ಅಲ್ವಾ ಅಕ್ಕ? ಏರ್‌ವೇ ಬ್ರೀದಿಂಗ್ ಮೊದ್ಲು ಅಂತಾರಲ್ಲ.

ಧಾರವಾಡ_ಬ್ರದರ್
ಅಲ್ರೀ ಸಿಸ್ಟರ್, ಸಿಒಪಿಡಿಗೆ 88ರಿಂದ 92 ನಡೀತೈತಿ, ಅದು ಅವ್ರಿಗೆ ಮಾಮೂಲಿ. ಥೈರಾಯ್ಡ್‌ದವ್ರೇ ಮೊದ್ಲು. ಥೈರಾಯ್ಡಿಗೆ ಅಂಟಿಕೊಂಡಿರೂ ಪ್ಯಾರಾಥೈರಾಯ್ಡ್ ಗ್ರಂಥಿಗೆ ಪೆಟ್ಟಾಗಿದ್ರ ಕ್ಯಾಲ್ಸಿಯಂ ಇಳೀತೈತಿ, ತುಟಿ ಜುಮ್ ಅನ್ನೂದು ಶುರುವಾತು ಅಂದ್ರ ಮುಂದ ಗಂಟಲ ಬಿಗೀತೈತಿ, ಲ್ಯಾರಿಂಜೋಸ್ಪಾಸಂ. ಖರೇ ಏರ್‌ವೇ ತೊಂದ್ರಿ ಅಲ್ಲೇ ಐತಿ.

ಮೈಸೂರು_ಅನು
ಬ್ರದರ್ ಸರಿ ಹೇಳಿದ್ರು. ನೋಡು ಗಂಗಾ, ಏರ್‌ವೇ ಬ್ರೀದಿಂಗ್ ಅಂತ ನಿಂಗೆ ಗೊತ್ತಿತ್ತು, ಸಿಒಪಿಡಿ ಗೊತ್ತಿತ್ತು, ಕ್ಯಾಲ್ಸಿಯಂ ವಿಷಯಾನೂ ಗೊತ್ತಿರತ್ತೆ. ನೀನು ನಂಬರ್ ನೋಡಿ ಓಡಿದೆ. ಇವ್ರು ಕೇಳೋದು ಈ ಕಾಯಿಲೆಗೆ ಇದು ನಿರೀಕ್ಷೆ ಮಾಡೋ ಲಕ್ಷಣಾನಾ ಅಲ್ವಾ ಅಂತ. ನ್ಯುಮೋನಿಯಾಗೆ ಜ್ವರ ಬರ್ದೆ ಇನ್ನೇನು ಬರತ್ತೆ, ಡಯಾಬಿಟಿಸ್‌ನೋರಿಗೆ 210 ದೊಡ್ಡದಲ್ಲ, ಅವ್ರೆಲ್ಲ ಹತ್ತು ನಿಮಿಷ ಕಾಯ್ತಾರೆ. ಹೊಸದಾಗಿ ಶುರುವಾಗಿರೋದು, ನಿರೀಕ್ಷೆ ಇಲ್ದೇ ಇರೋದು, ಬಿಟ್ರೆ ಜೀವಕ್ಕೆ ಬರೋದು ಯಾವ್ದು, ಅದೇ ಮೊದ್ಲು.

ಇನ್ನೊಂದು, ಡಾಕ್ಟರ್‌ಗೆ ಇನ್ಫಾರ್ಮ್ ಮಾಡೋದು. ನಮ್ಮಲ್ಲಿ ಏನಾದ್ರೂ ಮೊದ್ಲು ಡ್ಯೂಟಿ ಡಾಕ್ಟರ್‌ಗೆ ಫೋನ್, ಇಲ್ದಿದ್ರೆ ಬೈಸ್ಕೋಬೇಕು. ಎನ್‌ಕ್ಲೆಕ್ಸಲ್ಲಿ ಆ ಆಪ್ಷನ್ ಪ್ರತಿ ಸಲ ಕೂತಿರತ್ತೆ, ನಾವು ಪ್ರತಿ ಸಲ ಅದನ್ನೇ ಒತ್ತೋದು. ಬ್ಲಡ್ ಹೋಗ್ತಾ ಇರುವಾಗ ಚಳಿ ನಡುಕ ಸೊಂಟನೋವು ಅಂದ್ರೆ ಮೊದ್ಲು ಟ್ರಾನ್ಸ್‌ಫ್ಯೂಷನ್ ನಿಲ್ಲಿಸ್ಬೇಕು, ಆಮೇಲೆ ಹೊಸ ಸೆಟ್ಟಲ್ಲಿ ನಾರ್ಮಲ್ ಸಲೈನ್, ಆಮೇಲೆ ಫೋನ್. ಹೆರಿಗೆ ಆದ್ಮೇಲೆ ಯೂಟ್ರಸ್ ಮೆತ್ತಗಿದೆ ಬ್ಲೀಡಿಂಗ್ ಜಾಸ್ತಿ ಅಂದ್ರೆ ಮೊದ್ಲು ಫಂಡಲ್ ಮಸಾಜ್, ಅಂದ್ರೆ ಹೊಟ್ಟೆ ಮೇಲಿಂದ ಯೂಟ್ರಸ್ ಉಜ್ಜೋದು. ನಿನ್ನ ಕೈಯಲ್ಲೇ ಈಗ್ಲೇ ಮಾಡೋಕೆ ಏನಾದ್ರೂ ಇದ್ರೆ ಅದನ್ನ ಮಾಡು, ಆಮೇಲೆ ಕರಿ.

ಧಾರವಾಡ_ಬ್ರದರ್
ಆದ್ರ ಅದನ್ನೂ ಕಣ್ ಮುಚ್ಚಿ ಹಿಡೀಬ್ಯಾಡ್ರಿ. ಡಾಕ್ಟರ್‌ಗೆ ಫೋನ್ ಅನ್ನೂದು ಯಾವಾಗ್ಲೂ ತಪ್ಪು ಅಂತ ಯೂಟ್ಯೂಬ್‌ನ್ಯಾಗ ಹೇಳ್ತಾರು, ಅದ ಸುಳ್ಳು. ಕಾಲಿಗೆ ಪ್ಲಾಸ್ಟರ್ ಹಾಕ್ಯಾರು, ಮಾರ್ಫಿನ್ ಕೊಟ್ರೂ ನೋವು ಇಳೀವಲ್ದು, ಬೆರಳು ಜೋಮು ಹಿಡದಾವು ಅಂದ್ರ ಕಂಪಾರ್ಟ್‌ಮೆಂಟ್ ಸಿಂಡ್ರೋಮ್, ಸ್ನಾಯುವಿನೊಳಗ ಒತ್ತಡ ಏರಿ ರಕ್ತ ಹರಿಯೂದು ನಿಲ್ಲೂದು. ಅಲ್ಲಿ ಇನ್ನೊಂದ್ ಡೋಸ್ ಕೊಡ್ತೇನಿ, ಕಾಲು ಮ್ಯಾಲೆ ಎತ್ತಿಡ್ತೇನಿ ಅಂತ ಕುಂತ್ರ ಕಾಲೇ ಹೋಗ್ತೈತಿ. ಅಲ್ಲಿ ಕರೆಯೂದೇ ಉತ್ತರ.

ಟ್ಯೂಟರ್_ಮೇಡಂ
ಚರ್ಚೆ ಚೆನ್ನಾಗಿದೆ, ಆದರೆ ಒಂದು ಮಾತು. ನಮ್ಮ ಪದ್ಧತಿ ಕೆಟ್ಟದ್ದು, ಅವರದ್ದು ಒಳ್ಳೇದು ಅನ್ನೋ ಥರ ಮಕ್ಕಳು ಅರ್ಥ ಮಾಡ್ಕೋಬಾರ್ದು. ನಮ್ಮಲ್ಲಿ ರಾತ್ರಿ ಒಬ್ಬಳೇ ಸಿಸ್ಟರ್ ಇಡೀ ವಾರ್ಡ್ ನೋಡ್ಕೋತಾಳೆ, ಕಾನೂನಿನ ಬೆಂಬಲವೂ ಅಷ್ಟಕ್ಕಷ್ಟೇ, ಅವಳು ಡಾಕ್ಟರ್ ಕೇಳದೆ ಏನಾದರೂ ಮಾಡಿ ಎಡವಟ್ಟಾದರೆ ಯಾರು ನಿಲ್ತಾರೆ? ಪರೀಕ್ಷೆ ಮಟ್ಟಿಗೆ ನಾನು ವಿದ್ಯಾರ್ಥಿಗಳಿಗೆ ಹೇಳೋದು ಇಷ್ಟೇ, ಆ ಆಸ್ಪತ್ರೆಯಲ್ಲಿ ಎಲ್ಲಾ ಸಾಮಾನು ಇದೆ, ಸ್ಟಾಫ್ ಪೂರ್ತಿ ಇದೆ, ಪ್ರಶ್ನೆಯಲ್ಲಿರೋ ಪೇಷಂಟ್ ಬಿಟ್ಟು ಬೇರೆ ಯಾರೂ ಇಲ್ಲ ಅಂದುಕೊಳ್ಳಿ. ನಮ್ಮಲ್ಲಿ ಇದು ಸಿಗಲ್ಲ, ಅಟೆಂಡರ್ ಬರಲ್ಲ ಅನ್ನೋ ಲೆಕ್ಕಾಚಾರ ತರಲೇಬೇಡಿ.

ಡೆಲಿಗೇಶನ್‌ನಲ್ಲಿ (ಯಾವ ಕೆಲಸ ಯಾರಿಗೆ ವಹಿಸೋದು ಅನ್ನೋದ್ರಲ್ಲಿ) ನಮ್ಮವರು ತುಂಬಾ ಎಡವ್ತಾರೆ, ಯಾಕಂದ್ರೆ ಎಲ್‌ಪಿಎನ್ (ಆರ್‌ಎನ್‌ಗಿಂತ ಕೆಳಗಿನ ಲೈಸೆನ್ಸ್ ಇರೋ ನರ್ಸ್) ಅನ್ನೋ ಹುದ್ದೆ ನಮ್ಮಲ್ಲಿ ಇಲ್ಲ. ಅಸೆಸ್‌ಮೆಂಟ್, ಮೊದಲ ಸಲದ ಟೀಚಿಂಗ್, ಇವ್ಯಾಲ್ಯುಯೇಶನ್ ಇವನ್ನ ಆರ್‌ಎನ್ ಯಾರಿಗೂ ವಹಿಸೋ ಹಾಗಿಲ್ಲ. ಸ್ಟೇಬಲ್ ಪೇಷಂಟ್‌ಗೆ ಬಾಯಿಂದ ಕೊಡೋ ಔಷಧಿ, ಈಗಾಗಲೇ ಹೇಳಿಕೊಟ್ಟಿದ್ದನ್ನ ಮತ್ತೆ ನೆನಪಿಸೋದು ಎಲ್‌ಪಿಎನ್ ಮಾಡಬಹುದು. ಸ್ನಾನ, ಊಟ, ಓಡಾಡಿಸೋದು, ಇನ್‌ಟೇಕ್ ಔಟ್‌ಪುಟ್ ಅಳೆಯೋದು, ಸ್ಟೇಬಲ್ ಇರೋರ ವೈಟಲ್ಸ್ ಸಹಾಯಕರಿಗೆ. ಈಗಷ್ಟೇ ಆಪರೇಷನ್ ಆಗಿ ಬಂದವರ ಮೊದಲ ವೈಟಲ್ಸ್ ಮಾತ್ರ ಕೊಡಬೇಡಿ.

ಅಮ್ಮನ_ಓದು
ಮೇಡಂ ಸೆಲೆಕ್ಟ್ ಆಲ್ ದಟ್ ಅಪ್ಲೈ, ಅದೇ ಸರಿ ಇರೋದಕ್ಕೆಲ್ಲ ಟಿಕ್ ಹಾಕೋ ಪ್ರಶ್ನೆ ಬಂದ್ರೆ ಕೈ ನಡುಗತ್ತೆ. ಮಕ್ಳು ಮಲಗಿದ್ಮೇಲೆ ಕೂತ್ಕೋತೀನಿ, ಒಂದು ತಪ್ಪಾದ್ರೆ ಎಲ್ಲಾ ತಪ್ಪು ಅಲ್ವಾ ಅದು?

ಮೈಸೂರು_ಅನು
ಅದು ಹಳೇ ಪದ್ಧತಿ ರೀ. 2023ರ ಏಪ್ರಿಲ್‌ನಿಂದ ನೆಕ್ಸ್ಟ್ ಜನರೇಶನ್ ಪೇಪರ್ ಬಂದ ಮೇಲೆ ಅರ್ಧಂಬರ್ಧ ಸರಿಯಾದ್ರೂ ಮಾರ್ಕ್ಸ್ ಇದೆ. ಆದ್ರೆ ಎಲ್ಲಾದಕ್ಕೂ ಟಿಕ್ ಹಾಕಿ ಬರೋಣ ಅನ್ಕೋಬೇಡಿ, ಸೆಲೆಕ್ಟ್ ಆಲ್‌ನಲ್ಲಿ ಸರಿಗೆ ಒಂದು ಸೇರತ್ತೆ, ತಪ್ಪಿಗೆ ಒಂದು ಹೋಗತ್ತೆ, ಸೊನ್ನೆಗಿಂತ ಕೆಳಗೆ ಮಾತ್ರ ಇಳಿಯಲ್ಲ. ಒಂದೊಂದು ಆಪ್ಷನ್ನೂ ಬೇರೆ ಪ್ರಶ್ನೆ ಅನ್ನೋ ಥರ ಓದಿ ಹೌದು ಅಥವಾ ಅಲ್ಲ, ಅಷ್ಟೇ, ಎಷ್ಟು ಟಿಕ್ ಆಯ್ತು ಅಂತ ಲೆಕ್ಕ ಹಾಕ್ಬೇಡಿ. ಕೇಸ್ ಸ್ಟಡಿ ಎಲ್ರಿಗೂ ಮೂರು ಬಂದೇ ಬರತ್ತೆ, ಒಂದೊಂದಕ್ಕೂ ಆರು ಪ್ರಶ್ನೆ. ನರ್ಸಸ್ ನೋಟ್ಸ್, ವೈಟಲ್ಸ್, ಲ್ಯಾಬ್ ಎಲ್ಲಾ ಬೇರೆ ಬೇರೆ ಟ್ಯಾಬಲ್ಲಿ ಕೊಟ್ಟಿರ್ತಾರೆ. ಏನು ಗಮನಿಸ್ದೆ, ಅದ್ರ ಅರ್ಥ ಏನು, ಯಾವ್ದು ಮುಖ್ಯ, ಏನು ಮಾಡಬಹುದು, ಏನು ಮಾಡ್ದೆ, ಸರಿ ಹೋಯ್ತಾ, ಇದೇ ಕ್ರಮದಲ್ಲಿ ಕೇಳ್ಕೊಂಡು ಹೋಗ್ತಾರೆ. ನಂಗಂತೂ ಅದೇ ಇಷ್ಟ ಆಗಿದ್ದು, ವಾರ್ಡಲ್ಲಿ ಕೆಲ್ಸ ಮಾಡಿದೋರಿಗೆ ಅಲ್ಲೇ ಮಾರ್ಕ್ಸ್.

ಗಂಗಾ ಇಂಗ್ಲಿಷ್ ಬಗ್ಗೆ ಕೇಳಿದ್ಯಲ್ಲ. ದೊಡ್ಡ ಪ್ಯಾರಾ ಬಂದ್ರೆ ಓದಿ ಮುಗಿಸಿ, ಮುಂದಿನ ಶಿಫ್ಟ್ ಸಿಸ್ಟರ್‌ಗೆ ಹ್ಯಾಂಡೋವರ್ ಕೊಡೋ ಹಾಗೆ ಮನಸ್ಸಲ್ಲೇ ಕನ್ನಡದಲ್ಲಿ ಎರಡು ಸಾಲು ಹೇಳ್ಕೋ, ಯಾರು, ಏನಾಗಿದೆ, ಈಗ ಏನು ಕೇಳ್ತಿದಾರೆ ಅಂತ. ಹೇಳೋಕೆ ಬರ್ಲಿಲ್ಲ ಅಂದ್ರೆ ಪ್ರಶ್ನೆ ಅರ್ಥ ಆಗಿಲ್ಲ ಅಂತ. ಮತ್ತೆ ಪೇಷಂಟ್‌ಗೆ ಇನ್ನೂ ತಿಳಿಸಿ ಹೇಳ್ಬೇಕು ಅಂತ ಯಾವ ಮಾತಿಂದ ಗೊತ್ತಾಗತ್ತೆ ಅಂತ ಕೇಳಿದ್ರೆ ಹುಡುಕ್ಬೇಕಿರೋದು ತಪ್ಪು ಮಾತನ್ನ. ಸುಸ್ತಾದಾಗ ಇದು ಪಕ್ಕಾ ಉಲ್ಟಾ ಹೊಡ್ಯತ್ತೆ.

ಕುಡ್ಲ_ನರ್ಸ್
ಔಷಧಿ ಹೆಸರೂ ಬೇರೆ ಮಾರಾಯ್ರೆ. ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸಿಟಾಮಿನೋಫೆನ್, ಅಡ್ರಿನಾಲಿನ್ ಎಪಿನೆಫ್ರಿನ್, ಸಾಲ್ಬುಟಮಾಲ್ ಆಲ್ಬ್ಯುಟೆರಾಲ್, ಪೆಥಿಡಿನ್ ಮೆಪೆರಿಡಿನ್. ಬ್ರ್ಯಾಂಡ್ ಹೆಸರು ಬರುವುದೇ ಇಲ್ಲ, ಡೋಲೋ ಲಾಸಿಕ್ಸ್ ಅಂತಲೇ ಬಾಯಲ್ಲಿ ಇದ್ದವರು ಜೆನೆರಿಕ್ ಕಲೀಲೇಬೇಕು. ತೂಕ ಪೌಂಡಲ್ಲಿ ಕೊಟ್ರೆ 2.2ರಿಂದ ಭಾಗಿಸಿ ಕೆಜಿ ಮಾಡಿ. ಒಂದು ಔನ್ಸ್ ಅಂದ್ರೆ 30 ಎಂಎಲ್. ಕ್ಯಾಲ್ಕುಲೇಟರ್ ಸ್ಕ್ರೀನಲ್ಲೇ ಉಂಟು.

ಐಸೊಲೇಶನ್ ಬಿಡ್ಲೇಬೇಡಿ. ಟಿಬಿ, ದಡಾರ, ಚಿಕನ್‌ಪಾಕ್ಸ್ ಏರ್‌ಬೋರ್ನ್, ಎನ್95 ಮತ್ತು ನೆಗೆಟಿವ್ ಪ್ರೆಶರ್ ರೂಮ್. ಇನ್‌ಫ್ಲುಯೆಂಜಾ, ನಾಯಿಕೆಮ್ಮು ಡ್ರಾಪ್ಲೆಟ್. ಭೇದಿ ತರುವ ಸಿ ಡಿಫ್ ಬ್ಯಾಕ್ಟೀರಿಯಾಕ್ಕೆ ಸ್ಯಾನಿಟೈಸರ್ ಸಾಕಾಗುದಿಲ್ಲ, ಸೋಪು ನೀರೇ ಆಗ್ಬೇಕು. ಆಂಟಿಡೋಟ್, ಅಂದ್ರೆ ಔಷಧಿ ಹೆಚ್ಚಾದ್ರೆ ಕೊಡುವ ಪ್ರತಿಮದ್ದು, ಮ್ಯಾಗ್ನೀಷಿಯಂ ಸಲ್ಫೇಟಿಗೆ ಕ್ಯಾಲ್ಸಿಯಂ ಗ್ಲುಕೋನೇಟ್, ಹೆಪಾರಿನ್‌ಗೆ ಪ್ರೋಟಮಿನ್, ವಾರ್ಫರಿನ್‌ಗೆ ವಿಟಮಿನ್ ಕೆ, ಇದೆಲ್ಲ ನಿದ್ದೆಯಲ್ಲಿ ಕೇಳಿದ್ರೂ ಬರ್ಬೇಕು. ಲೇಬರ್ ರೂಮಲ್ಲಿ ಮಾಡಿದವರಿಗೆ ಮ್ಯಾಗ್ಸಲ್ಫ್ ಹೇಗೂ ಗೊತ್ತುಂಟು, ಕೊಡುವ ಮೊದಲು ಮೊಣಕಾಲಿನ ರಿಫ್ಲೆಕ್ಸ್ ನೋಡುವುದು, ಉಸಿರು 12ಕ್ಕಿಂತ ಕಡಿಮೆ ಇದ್ರೆ ನಿಲ್ಲಿಸುವುದು, ಅದೇ ಇಲ್ಲೂ.

ಹೇಳೋದ್_ಹೇಳ್ತೀನಿ
ಇಲ್ಲಿ ಸರ್ಕಾರಿ ಆಸ್ಪತ್ರೇಲಿ ನರ್ಸ್‌ಗಳಿಲ್ಲ, ಎಲ್ರೂ ಅಮೆರಿಕ ಅಂತ ಕೂತಿದೀರ. ಚೆನ್ನಾಗಿದೆ.

ಧಾರವಾಡ_ಬ್ರದರ್
ಸರ, ಕಾಂಟ್ರ್ಯಾಕ್ಟ್ ಮ್ಯಾಲೆ ಎಷ್ಟ ಪಗಾರ ಕೊಡ್ತಾರು ಅನ್ನೂದು ಗೊತ್ತೈತೇನ್ರಿ ನಿಮಗ? ಗೊತ್ತಾದ ಮ್ಯಾಲೆ ಬರ್ರಿ, ಕುಂತು ಮಾತಾಡೂಣು.

ರಾತ್ರಿಪಾಳಿ_ಗಂಗಾ
ಥ್ಯಾಂಕ್ಸ್ ಎಲ್ರಿಗೂ, ತಲೆ ಸ್ವಲ್ಪ ತಿಳಿ ಆಯ್ತು. ಅಕ್ಕ ದಿನಕ್ಕೆ ಎಷ್ಟು ಪ್ರಶ್ನೆ ಮಾಡ್ಬೇಕು? ಒಬ್ರು 200 ಅಂತಾರೆ. ಇನ್ನೊಂದು, 85ಕ್ಕೇ ಕಂಪ್ಯೂಟರ್ ನಿಂತ್ರೆ ಪಾಸ್ ಅಂತೆ ಹೌದಾ?

ಮೈಸೂರು_ಅನು
200 ಮಾಡಿ, ಉತ್ತರ ಯಾಕೆ ಸರಿ ಅಂತ ಹೇಳೋ ರ‍್ಯಾಶನಲ್ ಓದ್ದೇ ಇದ್ರೆ 200 ಸಲ ಅದೇ ತಪ್ಪು ಮಾಡಿದ ಹಾಗೆ. ಡ್ಯೂಟಿ ದಿನ 30 ಮಾಡು, ಸರಿ ಆಗಿದ್ದಕ್ಕೂ ರ‍್ಯಾಶನಲ್ ಓದು, ಉಳಿದ ಮೂರು ಆಪ್ಷನ್ ಯಾಕಲ್ಲ ಅನ್ನೋದೂ ಓದು. ತಪ್ಪಾದ್ರೆ ಪಕ್ಕದಲ್ಲಿ ಕಾರಣ ಬರಿ, ವಿಷಯಾನೇ ಗೊತ್ತಿರ್ಲಿಲ್ವಾ, ಪ್ರಶ್ನೆ ಸರಿಯಾಗಿ ಓದ್ಲಿಲ್ವಾ, ನಮ್ಮೂರ ವಾರ್ಡ್ ಬುದ್ಧಿ ಓಡಿಸ್ದ್ಯಾ. ಸ್ವಲ್ಪ ದಿನ ಆದ್ಮೇಲೆ ಆ ಪಟ್ಟಿ ನೋಡಿದ್ರೆ ಏನು ಓದ್ಬೇಕು ಅಂತ ತಾನೇ ಗೊತ್ತಾಗತ್ತೆ, ಅದಕ್ಕೆ ಕೋಚಿಂಗ್‌ನೋರು ಬೇಕಾಗಿಲ್ಲ. ನೈಟ್ ಮುಗಿಸಿ ಬಂದ ಬೆಳಗ್ಗೆ ಪುಸ್ತಕ ಮುಟ್ಲೇಬೇಡ, ಮಲ್ಕೋ.

85ರ ಕಥೆ ಕೇಳು. ಕಮ್ಮಿ ಅಂದ್ರೆ 85, ಜಾಸ್ತಿ ಅಂದ್ರೆ 150 ಪ್ರಶ್ನೆ, ಐದು ಗಂಟೆ. ಅದ್ರಲ್ಲಿ 15 ಪ್ರಶ್ನೆ ಲೆಕ್ಕಕ್ಕೆ ಇಲ್ಲ, ಮುಂದಿನ ಪೇಪರಿಗೆ ಪರೀಕ್ಷೆ ಮಾಡಿ ನೋಡ್ತಿರೋವು, ಯಾವ್ದು ಅಂತ ಗೊತ್ತಾಗಲ್ಲ. ನೀನು ಪಾಸ್ ಗೆರೆ ಮೇಲಿದೀಯ ಇಲ್ಲ ಕೆಳಗಿದೀಯ ಅಂತ ಕಂಪ್ಯೂಟರ್‌ಗೆ ನೂರಕ್ಕೆ 95ರಷ್ಟು ಖಾತ್ರಿ ಆದಾಗ ನಿಲ್ಲತ್ತೆ. ಆದ್ರಿಂದ 85ಕ್ಕೆ ನಿಂತು ಫೇಲ್ ಆದೋರೂ ಇದಾರೆ, 150 ಬರೆದು ಪಾಸ್ ಆದೋರೂ ಇದಾರೆ. 86 ಬಂದ ತಕ್ಷಣ ಕುಸಿದು ಹೋಗೋರಿದಾರೆ ನೋಡು, ಅದೇ ತೊಂದ್ರೆ. ಮನೇಲೂ 150 ಒಂದೇ ಸಲ ಕೂತು ಮಾಡಿ ಅಭ್ಯಾಸ ಮಾಡ್ಕೋ.

ಅಮ್ಮನ_ಓದು
ಫೇಲ್ ಆದ್ರೆ?

ಕುಡ್ಲ_ನರ್ಸ್
45 ದಿವಸ ಕಾಯ್ಬೇಕು, ಮತ್ತೆ ಫೀಸ್ ಕಟ್ಟಿ ಬರೀಬಹುದು. ಯಾವ ಭಾಗದಲ್ಲಿ ಗೆರೆಗಿಂತ ಮೇಲೆ, ಯಾವುದ್ರಲ್ಲಿ ಕೆಳಗೆ ಅಂತ ಒಂದು ರಿಪೋರ್ಟ್ ಕೊಡ್ತಾರೆ, ಅದನ್ನೇ ಹಿಡ್ಕೊಂಡು ಓದುವುದು. ಫೀಸು 200 ಡಾಲರ್, ಹೊರದೇಶದಲ್ಲಿ ಬರೆದ್ರೆ ಮತ್ತೆ 150 ಡಾಲರ್, ಟ್ಯಾಕ್ಸ್ ಬೇರೆ. ಹಾಗಾಗಿ ಸುಮ್ಮನೆ ಬರೆದು ನೋಡುವ ಅಂತ ಹೋಗುವ ಪರೀಕ್ಷೆ ಅಲ್ಲ ಇದು.

ಟ್ಯೂಟರ್_ಮೇಡಂ
ಗಂಗಾ, ನೀವು ಪೇಪರ್ ವರ್ಕ್ ಶುರು ಮಾಡಿದೀರಾ? ಓದಿಗಿಂತ ಅದೇ ಹೆಚ್ಚು ಸಮಯ ತಿನ್ನೋದು. ಎನ್‌ಕ್ಲೆಕ್ಸ್ ಬರೀಬೇಕಾದರೆ ಮೊದಲು ಯಾವುದಾದರೂ ಒಂದು ಸ್ಟೇಟ್‌ನ ನರ್ಸಿಂಗ್ ಬೋರ್ಡ್ ಅಥವಾ ಬೇರೆ ದೇಶದ ಮಂಡಳಿ ನಿಮ್ಮನ್ನ ಅರ್ಹರು ಅನ್ನಬೇಕು. ಅದಕ್ಕೆ ಕಾಲೇಜಿಂದ ಟ್ರಾನ್ಸ್‌ಕ್ರಿಪ್ಟ್, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಿಂದ ರಿಜಿಸ್ಟ್ರೇಶನ್ ವೆರಿಫಿಕೇಶನ್, ಎರಡೂ ನೇರವಾಗಿ ಅವರಿಗೇ ಹೋಗಬೇಕು, ನೀವು ಕೈಯಲ್ಲಿ ತಗೊಂಡು ಕಳಿಸೋ ಹಾಗಿಲ್ಲ. ನಿಮ್ಮದು ಜಿಎನ್‌ಎಂ ಮತ್ತು ಪೋಸ್ಟ್ ಬೇಸಿಕ್ ಎರಡಿದೆ, ಅಂದ್ರೆ ಡಿಪ್ಲೊಮಾ ಪರೀಕ್ಷಾ ಮಂಡಳಿ ಒಂದು ಕಡೆ, ರಾಜೀವ್ ಗಾಂಧಿ ವಿಶ್ವವಿದ್ಯಾಲಯ ಇನ್ನೊಂದು ಕಡೆ, ಎರಡೂ ಓಡಾಟ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಮೆಡಿಕಲ್, ಸರ್ಜಿಕಲ್, ಹೆರಿಗೆ, ಮಕ್ಕಳು, ಸೈಕಿಯಾಟ್ರಿ ಪ್ರತಿಯೊಂದಕ್ಕೂ ಥಿಯರಿ ಗಂಟೆ, ಕ್ಲಿನಿಕಲ್ ಗಂಟೆ ಬೇರೆ ಬೇರೆ ಬರೆದಿರಬೇಕು. ನಿಮ್ಹಾನ್ಸ್ ಅಥವಾ ಧಾರವಾಡದ ಡಿಮ್ಹಾನ್ಸ್ ಪೋಸ್ಟಿಂಗ್ ಮಾಡಿರ್ತೀರಿ, ಕಾಗದದಲ್ಲಿ ಅದು ಬಿಟ್ಟು ಹೋಗಿದ್ದರೆ ಸೈಕಿಯಾಟ್ರಿ ಮಾಡಿಲ್ಲ ಅಂತಲೇ ಲೆಕ್ಕ.

ಧಾರವಾಡ_ಬ್ರದರ್
ಹೆಸರಿಂದೂ ಹೇಳ್ರಿ ಮೇಡಂ. ನಮ್ಮ ಕಡೆ ಮಾರ್ಕ್ಸ್ ಕಾರ್ಡಿನ್ಯಾಗ ಒಂದು ಇನಿಶಿಯಲ್, ಪಾಸ್‌ಪೋರ್ಟಿನ್ಯಾಗ ಅಪ್ಪನ ಹೆಸರು ಅಡ್ಡಹೆಸರು ಪೂರ್ತಿ, ಕೌನ್ಸಿಲ್ ಸರ್ಟಿಫಿಕೇಟಿನ್ಯಾಗ ಮತ್ತೊಂದು. ಲಗ್ನ ಆದ ಮ್ಯಾಲೆ ಸಿಸ್ಟರ್‌ಗಳದು ಇನ್ನೂ ಒಂದು. ರಿಜಿಸ್ಟರ್ ಮಾಡೂಮುಂದ ಪಾಸ್‌ಪೋರ್ಟಿನ್ಯಾಗ ಹೆಂಗ ಐತಿ ಹಂಗ ಹಾಕ್ರಿ. ಸೆಂಟರಿನ್ಯಾಗ ಎಟಿಟಿ (ಪರೀಕ್ಷೆ ಬರಿಯಾಕ ಕೊಡೂ ಅನುಮತಿ ಪತ್ರ) ಮ್ಯಾಲಿನ ಹೆಸರು ಪಾಸ್‌ಪೋರ್ಟಿಗೆ ಹೊಂದಲಿಲ್ಲ ಅಂದ್ರ ಒಳಗ ಬಿಡೂದಿಲ್ಲ, ದುಡ್ಡೂ ಹೋತು. ಉಳಿದ ಕಾಗದಕ್ಕ ಒಂದು ಅಫಿಡವಿಟ್ ಮಾಡ್ಸಿ ಇಟಗೋರಿ.

ಕುಡ್ಲ_ನರ್ಸ್
ಮತ್ತೆ ಯಾರೂ ಹೇಳದ ವಿಷಯ, ವೀಸಾ. ಏಜೆಂಟ್‌ಗಳು ಪಾಸ್ ಆದ್ರೆ ಮರುದಿನ ವಿಮಾನ ಅನ್ನುವ ಹಾಗೆ ಮಾತಾಡ್ತಾರೆ. ಅಮೆರಿಕಕ್ಕೆ ನರ್ಸ್‌ಗಳು ಹೋಗುವುದು ಹೆಚ್ಚಾಗಿ ಇಬಿ3 ಅನ್ನುವ ಗ್ರೀನ್ ಕಾರ್ಡ್ ವರ್ಗದಲ್ಲಿ, ಅಲ್ಲಿ ಭಾರತದಲ್ಲಿ ಹುಟ್ಟಿದವರ ಸಾಲು ಹತ್ತು ವರ್ಷಕ್ಕೂ ಉದ್ದ ಉಂಟು. ನೀವು ಕುವೈತಲ್ಲಿದ್ರೂ ಲಂಡನ್‌ನಲ್ಲಿದ್ರೂ ಲೆಕ್ಕ ಹುಟ್ಟಿದ ದೇಶದ್ದೇ. ಗಂಡ ಬೇರೆ ದೇಶದಲ್ಲಿ ಹುಟ್ಟಿದವರಾದ್ರೆ ಅವರ ಸಾಲಿಗೆ ಸೇರ್ಲಿಕ್ಕೆ ದಾರಿ ಉಂಟು, ನಮ್ಮಂಥ ಎಷ್ಟು ಜನಕ್ಕೆ ಅದು. ಆಮೇಲೆ ನ್ಯೂಯಾರ್ಕಲ್ಲಿ ಇಂಗ್ಲಿಷ್ ಟೆಸ್ಟ್ ಬೇಡ ಅಂತ ಎಲ್ರೂ ಅಲ್ಲಿಗೇ ಅಪ್ಲೈ ಮಾಡ್ತಾರೆ, ಅದು ಲೈಸೆನ್ಸಿಗೆ ಮಾತ್ರ ಸತ್ಯ, ವೀಸಾಗೆ ಬೇಕಾದ ವೀಸಾಸ್ಕ್ರೀನ್ ಸರ್ಟಿಫಿಕೇಟ್ ಮಾಡುವಾಗ ಐಇಎಲ್‌ಟಿಎಸ್ ಅಥವಾ ಒಇಟಿ ಥರದ ಇಂಗ್ಲಿಷ್ ಟೆಸ್ಟ್ ಕೇಳಿಯೇ ಕೇಳ್ತಾರೆ.

ರಾತ್ರಿಪಾಳಿ_ಗಂಗಾ
ಹತ್ತು ವರ್ಷಾನಾ?! ನಂಗೆ ಕನ್ಸಲ್ಟೆನ್ಸಿಯೋರು ಎರಡು ವರ್ಷ ಅಂದ್ರು. ಅಡ್ವಾನ್ಸ್ ಕೇಳ್ತಿದಾರೆ, ಇನ್ನೂ ಕೊಟ್ಟಿಲ್ಲ.

ಮೈಸೂರು_ಅನು
ಕೊಡ್ಬೇಡ. ಅಮೆರಿಕ ಸರ್ಕಾರ ತಿಂಗಳಿಗೊಂದು ವೀಸಾ ಬುಲೆಟಿನ್ ಹಾಕತ್ತೆ, ಅದ್ರಲ್ಲಿ ಇಬಿ3 ಇಂಡಿಯಾ ಅಂತ ಇರೋ ತಾರೀಕು ನೀನೇ ನೋಡು, ಆಮೇಲೆ ಅವ್ರನ್ನ ಕೇಳು ಎರಡು ವರ್ಷ ಹೇಗೆ ಅಂತ. ಆದ್ರೆ ಇದಕ್ಕೋಸ್ಕರ ಎನ್‌ಕ್ಲೆಕ್ಸ್ ಬಿಡ್ಬೇಡ. ಕೆನಡಾದಲ್ಲಿ 2015ರಿಂದ ಆರ್‌ಎನ್‌ಗೆ ಇದೇ ಪರೀಕ್ಷೆ, ಆಸ್ಟ್ರೇಲಿಯಾದಲ್ಲೂ ನಮ್ಮಂಥ ಹೊರಗಿನೋರಿಗೆ ಇದೇ, ಪಾಸ್ ಆದ್ಮೇಲೆ ಓಎಸ್‌ಸಿಇ ಅಂತ ಪ್ರಾಕ್ಟಿಕಲ್ ಇರತ್ತೆ, ನಾನು ಅದಕ್ಕೆ ಅಡಿಲೇಡ್‌ಗೆ ಬಂದೆ. ಇಲ್ಲಿಗೆ ಬರೀ ಜಿಎನ್‌ಎಂ ಸಾಲಲ್ಲ, ಡಿಗ್ರಿ ಮಟ್ಟದ್ದು ಕೇಳ್ತಾರೆ, ನಿನ್ನ ಪೋಸ್ಟ್ ಬೇಸಿಕ್ ಹೇಗೆ ಪರಿಗಣಿಸ್ತಾರೆ ಅಂತ ಇಲ್ಲಿನ ನೋಂದಣಿ ಸಂಸ್ಥೆ ಆಪ್ರಾ ವೆಬ್‌ಸೈಟಲ್ಲಿ ಸೆಲ್ಫ್ ಚೆಕ್ ಇದೆ, ಮೊದ್ಲು ಅದನ್ನ ಮಾಡು. ಯಾವ ದೇಶ ಅಂತ ತೀರ್ಮಾನ ಆಗ್ದೇ ಯಾರಿಗೂ ಒಂದು ರೂಪಾಯಿ ಕಟ್ಬೇಡ, ಯಾಕಂದ್ರೆ ಅರ್ಜಿ ಹೋಗೋದೇ ಬೇರೆ ಬೇರೆ ಕಡೆಗೆ. ಓದೋದು ಮಾತ್ರ ನಿಲ್ಲಿಸ್ಬೇಡ, ಅದು ಎಲ್ಲಾದಕ್ಕೂ ಒಂದೇ.

ಅಮ್ಮನ_ಓದು
ಸೆಂಟರ್ ಬೆಂಗಳೂರಲ್ಲೇ ಸಿಗತ್ತಾ? ಒಳಗೆ ಹೇಗಿರತ್ತೆ?

ಧಾರವಾಡ_ಬ್ರದರ್
ಬೆಂಗಳೂರಾಗ ಐತ್ರಿ, ಪಿಯರ್ಸನ್ ವ್ಯೂದವ್ರು ನಡಸ್ತಾರು. ಎಟಿಟಿ ಬಂದ ಕೂಡ್ಲೇ ಸೀಟ್ ಹಿಡೀರಿ, ಅದಕ್ಕ ಕೊನೀ ತಾರೀಕ ಇರ್ತೈತಿ, ದಾಟಿದ್ರ ವಿಸ್ತರಣೆ ಇಲ್ಲ. ಒರಿಜಿನಲ್ ಪಾಸ್‌ಪೋರ್ಟ್ ತಗೊಂಡು ಅರ್ಧ ತಾಸು ಮೊದ್ಲ ಹೋಗ್ರಿ. ಅಂಗೈ ಸ್ಕ್ಯಾನ್ ಮಾಡ್ತಾರು, ಫೋಟೋ ತಗೀತಾರು, ಮೊಬೈಲು ವಾಚು ಎಲ್ಲಾ ಹೊರಗ. ಬರಿಯಾಕ ಒರಸೂ ಬೋರ್ಡು ಪೆನ್ನು ಕೊಡ್ತಾರು. ಎರಡು ತಾಸಿಗೆ ಒಂದು, ಮೂರೂವರೆ ತಾಸಿಗೆ ಒಂದು ಬ್ರೇಕ್ ಕೇಳ್ತೈತಿ, ತಗೊಂಡ್ರೂ ಗಡಿಯಾರ ಓಡ್ತಿರ್ತೈತಿ. ಆದ್ರೂ ತಗೋರಿ, ಮಾರಿ ತೊಳಕೊಂಡು ಬರ್ರಿ. ಬರದ ಬಂದ ಮ್ಯಾಲೆ ಮತ್ತೊಮ್ಮೆ ರಿಜಿಸ್ಟರ್ ಮಾಡಿ ಪಾಸೋ ಫೇಲೋ ನೋಡೂ ಟ್ರಿಕ್ ಅಂತ ಹೇಳ್ತಾರು, ಅದನ್ನ ಮಾಡಾಕ ಹೋಗಬ್ಯಾಡ್ರಿ, ನಂಬೂ ಹಂಗಿಲ್ಲ, ಕಾರ್ಡಿನ್ಯಾಗಿನ ರೊಕ್ಕಾನೂ ಕಟ್ ಆಗಬಹುದು. ಬೋರ್ಡಿನಿಂದ ಬರೂ ರಿಸಲ್ಟೇ ಖರೇ.

ರಾತ್ರಿಪಾಳಿ_ಗಂಗಾ
ಸೆಲ್ಫ್ ಚೆಕ್ ಇವತ್ತೇ ನೋಡ್ತೀನಿ ಅಕ್ಕ. ಕನ್ಸಲ್ಟೆನ್ಸಿಗೆ ಬೇಡ ಅಂತ ಮೆಸೇಜ್ ಹಾಕ್ದೆ, ಆಗ್ಲಿಂದ ಫೋನ್ ಮೇಲೆ ಫೋನ್. ಮೇಡಂ, ನಮ್ಮ ಜಿಎನ್‌ಎಂ ಸ್ಕೂಲ್ ಈಗ ಮುಚ್ಚಿದೆ, ಟ್ರಾನ್ಸ್‌ಕ್ರಿಪ್ಟ್ ಯಾರು ಕೊಡ್ತಾರೆ?

ಟ್ಯೂಟರ್_ಮೇಡಂ
ಅದನ್ನ ನಡೆಸ್ತಿದ್ದ ಟ್ರಸ್ಟ್ ಇನ್ನೂ ಇದ್ದರೆ ರೆಕಾರ್ಡ್ ಅವರ ಹತ್ರಾನೇ ಇರುತ್ತೆ, ಮೊದಲು ಅಲ್ಲಿ ವಿಚಾರಿಸಿ. ಇಲ್ಲದಿದ್ದರೆ ಪರೀಕ್ಷಾ ಮಂಡಳಿಗೆ ಮತ್ತು ಕೌನ್ಸಿಲ್‌ಗೆ ಲಿಖಿತವಾಗಿ ಅರ್ಜಿ ಕೊಡಿ, ರಿಜಿಸ್ಟ್ರೇಶನ್ ನಂಬರ್, ಪಾಸಾದ ವರ್ಷ, ಎಲ್ಲಾ ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಲಗತ್ತಿಸಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಬರಬೇಡಿ. ನಿಮ್ಮ ಬ್ಯಾಚಿನವರು ಯಾರಾದರೂ ಈಗಾಗಲೇ ಹೊರಗೆ ಹೋಗಿದ್ದರೆ ಅವರು ಯಾವ ಟೇಬಲ್‌ನಿಂದ ತಗೊಂಡ್ರು ಅಂತ ಕೇಳಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ.